ಕೇಕ್ ಮಾತ್ರ ಉಳಿದ ಐಕ್ಯತೆ

ಇದು ಆಗುವುದೇ ಇಲ್ಲ ಎಂದು ಹೇಳಿದವರು ನಮ್ಮ ದೊಡ್ಡಪ್ಪ. "ಗುಬ್ಬಿ ಸಭೆ ಹುಡುಗಿ, ಕುಣಿಗಲ್ ಚರ್ಚ್ ಹುಡುಗ. ನಾನ್ ಬದುಕಿರೋವರ್ಗೂ ಈ ಮದ್ವೆ ಆಗಲ್ಲ ಕಣ್ಲಾ," ಎಂದು ನಮ್ಮಪ್ಪನಿಗೆ ಹೇಳಿದರು. ಹೇಳುವಾಗ ಸನ್ಮಾನದ ಶಾಲು ಇನ್ನೂ ಅವರ ಹೆಗಲ ಮೇಲೇ ಇತ್ತು. ತುಮಕೂರಿನ ಐಕ್ಯ ಕ್ರಿಸ್ಮಸ್ ಸಮಿತಿಗೆ ಅವರೇ ಅಧ್ಯಕ್ಷರು. ಕ್ರಿಸ್ತನಲ್ಲಿ ನಾವೆಲ್ಲರೂ ಒಂದೇ ಎಂದು ಮೈಕಿನ ಮುಂದೆ ಭಾಷಣ ಮಾಡಿ, ಅದೇ ಸಂಜೆಯ ಬಸ್ಸಿಗೆ ಗುಬ್ಬಿಗೆ ವಾಪಸ್ ಬಂದಿದ್ದರು.

ಹುಡುಗಿ ನಾನೇ. ಅಪ್ಪ ಮಂಡಿಯಲ್ಲಿ ತೆಂಗಿನಕಾಯಿ ಸುಲಿಯುತ್ತಾರೆ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಯಾರೂ ಅದನ್ನು ಸುಮ್ಮನೆ ಕೊಡಲಿಲ್ಲ. ಬೆಳಗಿನ ರೈಲಿನಲ್ಲಿ ನಿಂತೇ ತುಮಕೂರಿಗೆ ಹೋಗಿ ಓದಿದೆ, ಈಗ ಅದೇ ರೈಲಿನಲ್ಲಿ ಹೋಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಓದಿದವಳು ಎಂಬ ಒಂದೇ ಕಾರಣಕ್ಕೆ ಸಮಿತಿಯವರು ನನ್ನನ್ನು ಕಾರ್ಯಕ್ರಮದ ನಿರೂಪಣೆಗೆ ಹಾಕಿಕೊಂಡಿದ್ದರು. ಹಾಗಾಗಿ ಅವರ ಮೀಟಿಂಗುಗಳಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುವ ಭಾಗ್ಯ ನನ್ನದಾಯಿತು.

ನಮ್ಮ ಸಭೆಯಲ್ಲಿ, ಅಂದರೆ ಗುಬ್ಬಿಯ ನಮ್ಮ ಚರ್ಚಿನಲ್ಲಿ, ಬುದ್ಧಿ ಬಂದ ಮೇಲೆ, ತಾನಾಗಿ ನಂಬಿ, ನೀರಿನಲ್ಲಿ ಪೂರ್ತಿ ಮುಳುಗಿ ಎದ್ದರೆ ಮಾತ್ರ ದೀಕ್ಷಾಸ್ನಾನ. ಕುಣಿಗಲ್‌ನವರು ಹಸುಗೂಸಿನ ತಲೆಗೆ ನೀರು ಹಾಕಿ ಕೊಡುತ್ತಾರೆ. ನಾವು ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸುತ್ತೇವೆ, ಅವರು ಪುಸ್ತಕ ನೋಡಿಕೊಂಡು ಮೆಲ್ಲಗೆ. ಮೀಟಿಂಗಿನಲ್ಲಿ ಒಬ್ಬರು, "ಪ್ರಭುಭೋಜನ ಇಟ್ಕೊಳ್ಳೋಣ್ವಾ?" ಅಂದರು. "ಬೇಡ ಬುಡಿ, ರೊಟ್ಟಿ, ದ್ರಾಕ್ಷಾರಸ ಯಾರ ಕೈಯಿಂದ ಯಾರ್ ತಗೊಳ್ಳೋದು ಅಂತ ಗಲಾಟೆ ಆಗುತ್ತೆ." ಪ್ರಸಂಗ? ಅದೂ ಬೇಡ, ಬೋಧನೆಗೆ ನಿಂತರೆ ದೀಕ್ಷಾಸ್ನಾನದ ಮಾತು ಬಂದುಬಿಡುತ್ತದೆ. ಪ್ರಾರ್ಥನೆ? ಮೌನವಾಗಿ ಮಾಡಿ ಮುಗಿಸೋಣ. ಕೊನೆಗೆ ಉಳಿದದ್ದು ಕೇಕು. ಅದರ ಮೇಲೆ ಮಾತ್ರ ಭಾರೀ ಚರ್ಚೆ ನಡೆದು, ಮೊಟ್ಟೆ ತಿನ್ನದ ಗೆಸ್ಟುಗಳೂ ಬರುತ್ತಾರೆಂದು ಎಗ್‌ಲೆಸ್ ಎಂದು ತೀರ್ಮಾನವಾಯಿತು. ಕಾರ್ಯಕ್ರಮದ ದಿನ ಎರಡೂ ಕಡೆಯ ಹಿರಿಯರು ಒಂದೇ ಚಾಕು ಹಿಡಿದು ಫೋಟೋ ತೆಗೆಸಿಕೊಂಡರು. ಆಮೇಲೆ ಅವರವರ ಬಸ್ಸಿನ ಹತ್ತಿರ ಹೋಗಿ, ಅವರವರ ಡಬರಿಯಿಂದ ಅವರವರ ಬಿರಿಯಾನಿ ಬಡಿಸಿಕೊಂಡು ತಿಂದರು.

ಈ ನಾಟಕದಲ್ಲಿ ಒಂದು ಎಡವಟ್ಟಾಯಿತು. ಹಾಡಲು ಎರಡೂ ಕಡೆಯ ಯುವಕರನ್ನು ಸೇರಿಸಿ ಒಂದು ಗಾಯಕ ತಂಡ ಮಾಡಿದ್ದರು. ಅದರಲ್ಲಿ ಕುಣಿಗಲ್‌ನ ಒಬ್ಬ ಲ್ಯಾಬ್ ಟೆಕ್ನಿಷಿಯನ್ ಇದ್ದ. ಪ್ರಾಕ್ಟೀಸ್ ಮುಗಿದ ಮೇಲೆ ಅವನೂ ನಾನೂ ದೀಕ್ಷಾಸ್ನಾನದ ಮೇಲೆ ವಾದ ಮಾಡುತ್ತಾ ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದೆವು. ಅವನು ಸೋಲಲಿಲ್ಲ, ನಾನು ಬಿಡಲಿಲ್ಲ. ಆಮೇಲೆ ವಾದ ಮಾಡಲೆಂದೇ ಬೇಕಂತಲೇ ಬಸ್ಸು ತಪ್ಪಿಸಿಕೊಳ್ಳತೊಡಗಿದೆವು. ಸಮಿತಿಯವರು ವರ್ಷಗಟ್ಟಲೆ ಮೈಕಿನಲ್ಲಿ ಕೂಗಿದ್ದ ಐಕ್ಯತೆ ಒಂದೇ ಒಂದು ಸಲ ನಿಜವಾಗಿ ಹುಟ್ಟಿತು. ಮದುವೆಯಾಗುತ್ತೇವೆ ಎಂದು ನಾವು ಮನೆಯಲ್ಲಿ ಹೇಳಿದ್ದೇ ತಡ, ಎಲ್ಲರೂ ಗಾಬರಿಯಾದರು.

ಹುಡುಗ ನೀರಿನಲ್ಲಿ ಮುಳುಗಬೇಕು ಎಂದರು ನಮ್ಮ ಪಾಸ್ಟರು. ಹುಡುಗಿ ನಮ್ಮ ಪದ್ಧತಿಯಂತೆ ದೃಢೀಕರಣ ತೆಗೆದುಕೊಂಡು ಚರ್ಚಿನ ಸದಸ್ಯಳಾಗಬೇಕು ಎಂದರು ಅವರ ಪಾದ್ರಿ, ಅಯ್ಯನವರು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳದೆ ಈ ಮದುವೆ ಆಗುವಂತಿರಲಿಲ್ಲ. ದೊಡ್ಡಪ್ಪನಿಗೆ ಅದೇನು ದೊಡ್ಡ ವಿಷಯವೇ ಅಲ್ಲ. ಆಗುವುದೇ ಇಲ್ಲ ಎಂದವರೇ ನಾಲ್ಕು ದಿನ ಬಿಟ್ಟು ಬಂದು ಹೊಸ ದಾರಿ ತೋರಿಸಿದರು.

"ಒಂದ್ ಸಲ ಮುಳುಗಿ ಎದ್ಬುಡ್ಲಿ ಅತ್ಲಾಗೆ. ಒಳಗ್ ಏನಾದ್ರೂ ಅನ್ಕೊಳ್ಲಿ, ಯಾರ್ ನೋಡ್ತಾರೆ?"

"ದೇವ್ರು ನೋಡಲ್ವಾ ದೊಡ್ಡಪ್ಪ?"

"ನೋಡ್ಲಾ, ನೀನು ಎರಡಕ್ಷರ ಓದಿಸ್ದೆ, ಈಗ ನನಗೇ ಬೈಬಲ್ ಕ್ಲಾಸ್ ತಗೋತಾವ್ಳೆ!" ಎಂದು ಅಪ್ಪನ ಕಡೆ ತಿರುಗಿದರು.

ಅಲ್ಲಿ ಓಡಾಡಿ, ಇಲ್ಲಿ ಕೈಮುಗಿದು ಹುಡುಗನಿಗೂ ಸಾಕಾಗಿತ್ತು. ಒಂದು ದಿನ ಫೋನಿನಲ್ಲಿ, "ಮುಳುಗ್ಬಿಡ್ಲಾ?" ಅಂದ.

"ನಂಬಿಕೆ ಇದ್ರೆ ಮುಳುಗು. ನನಗೋಸ್ಕರ ಮುಳುಗೋದಾದ್ರೆ ಅಲ್ಲೇ ಇರು, ಮೇಲಕ್ಕೆ ಬರ್ಬೇಡ," ಎಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ. ಮದುವೆ ತಪ್ಪಿಹೋದರೂ ಹೋಗಲಿ, ದೇವರ ಮುಂದೆ ಸುಳ್ಳು ಹೇಳಿ ಶುರುಮಾಡಿದ ಸಂಸಾರ ನನಗೆ ಬೇಡವಾಗಿತ್ತು.

ಬೈಬಲಿನ ಕಥೆಯಲ್ಲಿ ಬಾಬೆಲಿನ ಗೋಪುರ ಕಟ್ಟಿದವರಿಗೂ ಭಾಷೆ ಒಂದೇ, ಇಟ್ಟಿಗೆ ಒಂದೇ, ಆಸೆಯೂ ಒಂದೇ: ನಮ್ಮ ಹೆಸರು ದೊಡ್ಡದಾಗಲಿ. ಅಂಥ ಒಗ್ಗಟ್ಟನ್ನು ದೇವರು ಮೆಚ್ಚಿ ಆಶೀರ್ವದಿಸಲಿಲ್ಲ, ಚದುರಿಸಿದ. ಯೇಸು ಸಾಯುವುದಕ್ಕೆ ಮುಂಚೆ ತನ್ನವರೆಲ್ಲ ಒಂದಾಗಿರಲಿ ಎಂದು ಬೇಡಿಕೊಂಡದ್ದು ನಿಜ. ಆದರೆ ಅದೇ ಪ್ರಾರ್ಥನೆಯಲ್ಲಿ, ಅವರನ್ನು ಸತ್ಯದಲ್ಲಿ ಪವಿತ್ರಗೊಳಿಸು ಎಂದೂ ಬೇಡಿದ್ದಾನೆ. ನಮ್ಮ ಸಮಿತಿಯವರು ಮೊದಲನೆಯದನ್ನು ಬ್ಯಾನರಿಗೆ ಹಾಕಿಸಿದರು, ಎರಡನೆಯದನ್ನು ಗಲಾಟೆಯ ವಿಷಯ ಎಂದು ಪಕ್ಕಕ್ಕಿಟ್ಟರು.

ಹೀಗಿರುವಾಗ ಒಂದು ಶನಿವಾರ ಹುಡುಗನ ತಾಯಿ ಕುಣಿಗಲ್‌ನಿಂದ ಒಬ್ಬರೇ ಬಸ್ ಹತ್ತಿ ನಮ್ಮ ಮನೆಗೆ ಬಂದುಬಿಟ್ಟರು. ಚಪ್ಪಲಿ ಬಿಡುತ್ತಲೇ, "ಅಣ್ಣಾ, ನಿಮ್ ಸಭೆ ಕೂಗಾಟ ನನಗಾಗಲ್ಲ. ಆದ್ರೆ ನಿಮ್ ಮಗ್ಳು ನನಗ್ ಬೇಕು. ಏನ್ ಮಾಡೋಣ ಹೇಳಿ," ಎಂದರು. ಅಪ್ಪನೂ ಬಿಡಲಿಲ್ಲ. "ಹಾಲು ಕುಡಿಯೋ ಮಗೀಗೆ ನಂಬಿಕೆ ಎಲ್ಲಿಂದ ಬರುತ್ತಮ್ಮ?" "ನಿಮ್ ಮಗ್ಳು ಹುಟ್ಟಿದಾಗ ನಿಮ್ಮನ್ನ ಅಪ್ಪ ಅಂತ ಒಪ್ಕೊಂಡಿದ್ಲಾ? ಆದ್ರೂ ನಿಮ್ ಮಗಳೇ ತಾನೇ?" ಅಮ್ಮ ಮುದ್ದೆ, ಉಪ್ಸಾರು ಬಡಿಸಿದರು. ಅಪ್ಪ ಗಟ್ಟಿಯಾಗಿ, ಉದ್ದಕ್ಕೆ ಪ್ರಾರ್ಥನೆ ಮಾಡಿದರು. ಅದು ಮುಗಿಯುವವರೆಗೆ ಕಾದಿದ್ದು, ಆ ತಾಯಿ ತಮ್ಮ ಬಾಯಿಪಾಠದ ಪ್ರಾರ್ಥನೆ ಹೇಳಿದರು. ಅಷ್ಟರಲ್ಲಿ ಮುದ್ದೆ ತಣ್ಣಗಾಗಿತ್ತು. ಮತ್ತೆ ವಾದ ಮಾಡುತ್ತಲೇ ಇಬ್ಬರೂ ಉಂಡರು. ಯಾರೂ ಎದ್ದು ಹೋಗಲಿಲ್ಲ. ಐಕ್ಯತೆ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಆ ಊಟದಲ್ಲಿ.

ಕೈ ತೊಳೆದವರೇ ಇಬ್ಬರೂ ಪಾಸ್ಟರ ಮನೆಗೆ ಹೊರಟರು. ನಾನೂ ಹಿಂದೆ ಹೋದೆ. ಪಾಸ್ಟರು ಬೈಬಲ್ ತೆರೆದು ವಚನಗಳ ಮೇಲೆ ವಚನ ಹೇಳಿದರು. ಆ ತಾಯಿ ಎಲ್ಲವನ್ನೂ ಕೇಳಿ, "ಸರಿ ಸ್ವಾಮಿ. ನನ್ ಮಗ ಯೇಸುವಿನವನೇ ಅಲ್ಲ ಅಂತ ಒಂದು ಮಾತು ಹೇಳಿ, ನಾನು ಎದ್ ಹೋಗ್ತೀನಿ," ಎಂದರು.

ಪಾಸ್ಟರು ಬೈಬಲ್ ಮುಚ್ಚಿದರು. "ಹಂಗ್ ಹೇಳೋಕಾಗಲ್ಲಮ್ಮ. ಅವನ ದೀಕ್ಷಾಸ್ನಾನ ಸರಿ ಅಂತ ನಾನು ಒಪ್ಪಲ್ಲ. ಆದ್ರೆ ಅವನು ಕ್ರಿಸ್ತನವನಲ್ಲ ಅನ್ನೋಕೆ ನಾನ್ಯಾರು?" ಎದ್ದು ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು, "ಮದ್ವೆ ನಾನ್ ಮಾಡಿಸ್ತೀನಿ," ಎಂದರು.

ಕುಣಿಗಲ್ ಅಯ್ಯನವರನ್ನು ಒಪ್ಪಿಸಲು ಅಪ್ಪನೇ ಕೆಲಸ ಬಿಟ್ಟು ಹೋದರು. ಕೊನೆಗೆ ಅವರೂ ಬಂದು ಆಶೀರ್ವಾದದ ಪ್ರಾರ್ಥನೆ ಮಾಡಲು ಒಪ್ಪಿದರು. ದೊಡ್ಡಪ್ಪ ಮಾತ್ರ ಸಮಿತಿಯನ್ನು ತುರ್ತಾಗಿ ಕರೆದು, "ಇವಳಿಗ್ ಬಿಟ್ರೆ ನಾಳೆ ಎಲ್ರೂ ಹಿಂಗೇ ಶುರು ಹಚ್ಕೋತಾರೆ," ಎಂದು ಎಚ್ಚರಿಸಿದರಂತೆ. ಎಲ್ಲರೂ ಶುರು ಮಾಡಲಿ ಎಂದಲ್ಲವೇ ವರ್ಷವರ್ಷವೂ ಪೆಂಡಾಲು ಹಾಕಿಸಿದ್ದು? ಯಾರಿಗೆ ಹೇಳುವುದು.

ಮದುವೆ ಗುಬ್ಬಿಯಲ್ಲೇ, ನಮ್ಮ ತಗಡಿನ ಸಭೆಯಲ್ಲೇ ಆಯಿತು. ನಮ್ಮವರು ಕೂಗಿ ಪ್ರಾರ್ಥಿಸಿದರು, ಕುಣಿಗಲ್‌ನವರು ತಲೆ ತಗ್ಗಿಸಿ ಸಹಿಸಿಕೊಂಡರು. ಅವರ ಅಯ್ಯನವರು ಪುಸ್ತಕ ತೆರೆದು ಓದಿದಾಗ ನಮ್ಮವರು ಸುಮ್ಮನಿರುವುದನ್ನು ಕಷ್ಟಪಟ್ಟು ಕಲಿತರು. ದೊಡ್ಡಪ್ಪ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದರು. ಸಹಿಗಳೆಲ್ಲ ಮುಗಿದ ಮೇಲೆ ಪಾಸ್ಟರು ಮದುವೆ ಸರ್ಟಿಫಿಕೇಟನ್ನು ನನ್ನ ಕೈಗೆ ಕೊಟ್ಟರು. ನನ್ನ ಅತ್ತೆ ಅದನ್ನು ಬಗ್ಗಿ ನೋಡಿ, ಸೆರಗು ಸರಿಮಾಡಿಕೊಂಡು ಅಪ್ಪನ ಕಡೆ ತಿರುಗಿದರು.

"ಬೀಗರೇ, ಮುಳುಗೋ ವಿಷ್ಯ ನಾನಿನ್ನೂ ಒಪ್ಪಿಲ್ಲ. ಬನ್ನಿ, ಊಟಕ್ಕೆ ಪಕ್ಕದಲ್ ಕೂತ್ಕೊಳ್ಳಿ, ಹೇಳ್ತೀನಿ."