ಪೆಟ್ಟಿಗೆಯ ಪಕ್ಕ ಓಡಿದ ಬಸ್ಸು

ಚಿಂತಾಮಣಿ ಬಸ್ಸಿನಲ್ಲಿ ಬಿಸಿಲಿಗೆ ಬೆಂದು ಕೂತ ನಾವು, ಡ್ರೈವರ್ ಬಾಷಾ, ಅವನ ಪಕ್ಕದಲ್ಲಿ ವೇಗವನ್ನು ಕಾಗದದ ಮೇಲೆ ಗೀಚುವ ಪೆಟ್ಟಿಗೆಯಿಟ್ಟುಕೊಂಡ ಇಂಜಿನಿಯರು. ಅಪಘಾತ ಯಾಕಾಗುತ್ತದೆಂದು ತಿಳಿಯಲು ಅವರಿಗೆ ದಿನನಿತ್ಯದ ಓಟವೇ ಬೇಕು. ಬಸ್ಸೋ, ಎತ್ತಿನಗಾಡಿಗೂ ದಾರಿ ಬಿಟ್ಟು ತೆವಳುತ್ತಿತ್ತು.

"ದಿನಾ ಓಡಿಸೋ ಹಾಗೆ ಓಡಿಸಪ್ಪ," ಎಂದು ಇಂಜಿನಿಯರು ಅಂಗಲಾಚಿದರು.

"ಆ ಗೆರೆ ಬಸ್ಸಿನ ಸಾಹುಕಾರ್ರು ನೋಡಿದ್ರೆ ನನ್ನ ಕೆಲಸ ಹೋಗ್ತದೆ ಸ್ವಾಮಿ!" ಎಂದ ಬಾಷಾ.

"ಹಂಗಾದ್ರೆ ನಮ್ಮನ್ನಾದ್ರೂ ಇಳಿಸಪ್ಪ, ನಡ್ಕೊಂಡೇ ಬೇಗ ಹೋಗ್ತೀವಿ," ಎಂದಳು ಹಿಂದಿನ ಸೀಟಿನ ಅಜ್ಜಿ.

ಕೈವಾರದ ಕ್ರಾಸಿನಲ್ಲಿ ಇಂಜಿನಿಯರು ಪೆಟ್ಟಿಗೆಯನ್ನು ಬಸ್ಸಿನಲ್ಲೇ ಬಿಟ್ಟು ಕಾಫಿಗೆ ಇಳಿದರು. ಕಂಡಕ್ಟರ್ ಅವರು ಹತ್ತಿದರೋ ಇಲ್ಲವೋ ನೋಡದೆ "ರೈಟ್" ಅಂದುಬಿಟ್ಟ. ಪಕ್ಕದ ಸೀಟು ಖಾಲಿಯಾದದ್ದೇ ತಡ, ಬಾಷಾ ಪೆಟ್ಟಿಗೆಯನ್ನು ಮರೆತು ಬಸ್ಸು ಹಾರಿಸಿದ ರಭಸಕ್ಕೆ ಅಜ್ಜಿಯ ಎಲೆಅಡಿಕೆ ನನ್ನ ತೊಡೆಗೆ ಬಂತು.

ಇಂಜಿನಿಯರು ಇನ್ನೊಂದು ಬಸ್ಸಿನಲ್ಲಿ ಚಿಂತಾಮಣಿಗೆ ಬಂದು ಪೆಟ್ಟಿಗೆ ತೆರೆದರು. ಕೈವಾರದಿಂದಾಚೆ ಗೆರೆ ಗುಡ್ಡ ಹತ್ತಿತ್ತು. ಬಾಷಾ ಬೆವರಿದ.

"ನಂಗೆ ಬೇಕಾದ್ದು ಸಿಕ್ತು! ಇದರ ಮೇಲೆ ನಿನ್ನ ಹೆಸರು ಬರೆಯಲ್ಲ ಕಣಪ್ಪ," ಎಂದು ಅವರು ಕಾಗದ ಜೇಬಿಗಿಟ್ಟರು.

ಬಾಷಾ ಬಸ್ಸಿನ ಮೆಟ್ಟಿಲ ಮೇಲೆ ಕುಸಿದು ಕೂತು ಬೀಡಿ ಹಚ್ಚಿದ.