ಕೈಗೆ ಕೊಟ್ಟ ಕಬ್ಬಿಣ

ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡಬೇಕೆಂಬುದು ನಮ್ಮ ಹೊಣಕೆರೆ ಕಡೆ ಎಲ್ಲರಿಗೂ ಗೊತ್ತು. ಬೇರೆ ಮನೆಗಳಲ್ಲಾದರೆ ಬೀಗದ ಕೈ ಹುಡುಕುತ್ತಾರೆ. ನಾನು ಬಿದ್ದದ್ದು ನನ್ನದೇ ಕುಲುಮೆಯಲ್ಲಿ. ಕಬ್ಬಿಣಕ್ಕೇನು ಬರ? ತಿದಿ ಒತ್ತುತ್ತಿದ್ದ ಭಾವಮೈದ, ಆಗಷ್ಟೇ ಬೆಂಕಿಯಿಂದ ತೆಗೆದಿಟ್ಟಿದ್ದ ಸಲಾಕೆಯನ್ನೇ ತಂದ. ಕೆಂಪು ಆರಿತ್ತು, ಬಿಸಿ ಆರಿರಲಿಲ್ಲ. ತಣ್ಣಗಿನ ತುದಿ ತಾನು ಹಿಡಿದು, ಇನ್ನೊಂದು ತುದಿ ನನ್ನ ಬಲಗೈಗೆ ಕೊಟ್ಟ.

“ಕಬ್ಬಿಣ ಮುಟ್ಟಿದ್ದೇ ತಡ ಎದ್ಬುಟ್ಟೆ ನೋಡು ಭಾವ!”

“ಎದ್ದಿದ್ದು ಉರೀಗೆ ಕಣ್ಲಾ!”

ನನಗೆ ಮೂರ್ಛೆಯೇ ಬಂದಿಲ್ಲ, ಸುಮ್ಮನೆ ಕುಳಿತಿದ್ದೆ ಎಂದು ವಾದಿಸಿದೆ. ಐಗಳ ಮಠದ ಓದು ಬಿಟ್ಟು ಸುತ್ತಿಗೆ ಹಿಡಿದಾಗಿನಿಂದ ಒಂದು ದಿನವೂ ಕಾಯಿಲೆ ಬಿದ್ದವನಲ್ಲ.

“ಕುಂತಿದ್ಯಾ? ಬಾಯಲ್ಲಿ ನೊರೆ, ಬೂದೀಲಿ ಕೈಕಾಲು ಬಡೀತಿದ್ದೆ,” ಅಂದಳು ಹೆಂಡತಿ.

ಪಟ್ಟಣದ ಕುದುರೆ ದಂಡಿಗೆ ಅಮಾವಾಸ್ಯೆಯೊಳಗೆ ಲಾಳ ಕೊಡಬೇಕಿತ್ತು. ತಪ್ಪಿದರೆ ಆ ಕೆಲಸ ಬೇರೆ ಕುಲುಮೆಯ ಪಾಲು. ಆದರೂ ಅವಳು ಬಿಡದೆ ನಾಗಮಂಗಲದಿಂದ ಪಂಡಿತರನ್ನು ಕರೆಸಿದಳು. ಅವರು ನಾಡಿ ಹಿಡಿದು ಕೇಳಿದರು: ತಲೆಗೆ ಪೆಟ್ಟು ಬಿದ್ದಿತ್ತಾ? ಜ್ವರ? ಹೆಂಡ? ವಂಶದಲ್ಲಿ ಯಾರಿಗಾದರೂ? ಎಲ್ಲಕ್ಕೂ ಇಲ್ಲ ಅಂದೆ.

“ನಿದ್ದೆ?”

ನಾನು ಸೂರು ನೋಡಿದೆ.

“ನಾಕು ದಿನದಿಂದ ಕಣ್ಣು ಮುಚ್ಚಿಲ್ಲ ಸ್ವಾಮಿ. ಊಟ ಬಿಟ್ಟು ಬರೀ ಮಜ್ಜಿಗೇಲೆ ನಿಂತವ್ನೆ,” ಅಂದಳು ಅವಳು.

“ನನ್ನಂಗೆ ದುಡಿಯೋನು ಈ ಸೀಮೇಲೇ ಇಲ್ಲ!” ಅಂದೆ.

“ಅದೇ ಕಣಪ್ಪ ನಿನ್ನ ಕಾಯಿಲೆ,” ಅಂದರು ಪಂಡಿತರು.

ಬ್ರಾಹ್ಮಿ ತುಪ್ಪ ಕೊಟ್ಟರು. ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ, ಒಂದು ತಿಂಗಳು ಬೆಂಕಿಯ ಹತ್ತಿರ, ಬಾವಿಯ ಹತ್ತಿರ ಸುಳಿಯಬಾರದು. ಮತ್ತೆ ಬರಬಹುದು, ಬರದೆಯೂ ಇರಬಹುದು. “ಬಂದರೆ ಮಗ್ಗುಲಿಗೆ ಹೊರಳಿಸಿ ಮಲಗಿಸಿ,” ಎಂದವರು ಭಾವಮೈದನ ಕಡೆ ತಿರುಗಿ, “ಕೈಗೆ ಏನೂ ಕೊಡಬೇಡ ಮಾರಾಯ,” ಅಂದರು.

ಉಳಿದ ಲಾಳಗಳಿಗೆ ನನ್ನ ಹೆಂಡತಿ ಸೆರಗು ಕಟ್ಟಿ ಸುತ್ತಿಗೆ ಎತ್ತಿದಳು. ನಾನು ಜಗಲಿಯ ಮೇಲೆ ಮಲಗಿ, “ಅಂಗಲ್ಲ, ಇಂಗೆ ಬಡಿ!” ಎಂದು ಕೂಗುತ್ತಿದ್ದೆ. ಕೂಗುತ್ತಲೇ ನಿದ್ದೆ ಹೋಗುತ್ತಿದ್ದೆ.

ಅಮಾವಾಸ್ಯೆಯ ಹಿಂದಿನ ದಿನ ಪಟ್ಟಣದಿಂದ ಸವಾರ ಬಂದ. ಒಂದು ಲಾಳವನ್ನು ಕಲ್ಲಿಗೆ ಬಡಿದು ನೋಡಿದ.

“ಶಾಬಾಷ್! ಹೋದ ಸಲಕ್ಕಿಂತ ಗಟ್ಟಿ. ಮುಂದಿನ ಕೆಲಸವೂ ನಿಂದೇ.”

ಒಳಗೆ ನನ್ನ ಹೆಂಡತಿ ಜೋರಾಗಿ ಕೆಮ್ಮಿದಳು. ಸವಾರನಿಗೆ ಒಂದು ಮಾತು ಹೇಳಬಹುದಿತ್ತು. ಪಂಡಿತರು ಹೇಳಿದ ನಿದ್ದೆ ನೆನಪಾಯಿತು, ಕಣ್ಣು ಮುಚ್ಚಿಬಿಟ್ಟೆ.