ನಾಲ್ಕು ಗಂಟೆಯ ಲೋಟ

ಅತ್ತೆಯ ಕೆಳತುಟಿಯ ಅಡಿಯಲ್ಲಿ ಹುಣಸೆಬೀಜದಷ್ಟು ಸುಟ್ಟ ಕಲೆಯಿತ್ತು. ಚಹಾ ನಮ್ಮ ಮನೆಗೆ ಬಂದ ದಿನದ ಗುರುತು ಅದು. ಮೂವತ್ತರ ದಶಕ. ಚಹಾ ಕಂಪನಿಯವರು ಮಧ್ಯಾಹ್ನದ ಹೊತ್ತು ನಮ್ಮೂರು ಬೋಳಾರದಲ್ಲಿ ಮನೆಮನೆಗೆ ಬಂದು, ನಮ್ಮದೇ ಬಾವಿಯ ನೀರು ಕಾಯಿಸಿ, ಪುಡಿಯನ್ನು ಪುಕ್ಕಟೆ ಕೊಟ್ಟು, ಚಹಾ ಮಾಡುವುದನ್ನು ಕಲಿಸುತ್ತಿದ್ದರು. ಎಂಜಲಾಗದಂತೆ ನೀರನ್ನು ಎತ್ತಿ ಕುಡಿದೇ ಅಭ್ಯಾಸವಿದ್ದ ಅತ್ತೆ ಆ ಹೊಗೆಯಾಡುವ ಚಹಾವನ್ನೂ ಹಾಗೆಯೇ ಎತ್ತಿ ಬಾಯಿಗೆ ಸುರಿದುಕೊಂಡರು.

ಸುಟ್ಟರೂ ಬಿಡಲಿಲ್ಲ. ಅಪ್ಪನ ಅಕ್ಕ, ವಿಧವೆ, ದಿನಕ್ಕೆ ಒಂದೇ ಊಟ. ನಾಲ್ಕು ಗಂಟೆಗೆ ತಲೆ ಸಿಡಿಯುತ್ತಿತ್ತು. ಅಪ್ಪ ಪೂಜೆಗೆ ಹೊರಟ ಮೇಲೆ ಒಂದು ಲೋಟ ಚಹಾ ಕುಡಿದು, ಲೋಟ ತೊಳೆದು ಹಿತ್ತಿಲ ಕಲ್ಲಿನ ಮೇಲೆ ಠಣ್ಣೆಂದು ಬೋರಲು ಹಾಕುವರು.

ಒಂದು ದಿನ ಅಪ್ಪ ಬೇಗ ಬಂದುಬಿಟ್ಟರು.

"ಎಲೆ ಬೇಯಿಸಿದ್ದು ಅಡಿಗೆಯೇ, ಅಕ್ಕ. ನಿನಗೆ ಎರಡನೇ ಊಟ ಉಂಟಾ?"

ಅತ್ತೆ ಲೋಟ ಕೆಳಗಿಟ್ಟರು. ಕಾಲೇಜಿನ ಚರ್ಚಾಕೂಟದಲ್ಲಿ ಬಾಯಿ ಹರಿತ ಮಾಡಿಕೊಂಡಿದ್ದ ನಾನು ಎದ್ದು ನಿಂತೆ.

"ಬೇಯಿಸಿದ್ದು ಯಾರು? ಪುಡಿಯ ಮೇಲೆ ಬಿಸಿನೀರು ಎರೆದು ಸೋಸುವುದು. ನೀರು ಊಟವಾ? ಮತ್ತೆ ಹಾಲು? ಅದನ್ನು ರಾತ್ರಿ ಕುಡಿಯಲು ಅತ್ತೆಗೆ ನೀವೇ ಹೇಳ್ತೀರಿ!"

"ದೇವರು ಇಲ್ಲ ಅನ್ನುವವ ನನಗೆ ಮಡಿ ಕಲಿಸ್ತಾನೆ!" ಎಂದರು ಅಪ್ಪ. ಲೋಟದ ಕಡೆ ನೋಡಿ, "ಕುದಿಸಬಾರದು, ಅಷ್ಟೇ," ಎಂದು ಒಳಗೆ ಹೋದರು.

ಮರುದಿನ ಅತ್ತೆ ಜಗಲಿಯಲ್ಲೇ ಕುಳಿತು ಕುಡಿದರು. "ಗೆದ್ದೆ ಮಾರಾಯ. ಆದರೆ ಕದ್ದು ಕುಡಿಯುವಾಗಿನ ರುಚಿ ಇಲ್ಲ ಇದಕ್ಕೆ. ಇರಲಿ, ಸತ್ತ ಮೇಲೂ ನಾಲ್ಕಕ್ಕೆ ಬರ್ತೇನೆ. ಆಗ ನನ್ನ ಹತ್ತಿರ ವಾದ ಮಾಡು."

ಆ ಮಳೆಗಾಲ ಜ್ವರದಲ್ಲಿ ಹೋದರು. ಆಮೇಲೆ ನಾಲ್ಕು ಗಂಟೆಗೆ ಹಿತ್ತಿಲಲ್ಲಿ ಠಣ್ ಎನ್ನತೊಡಗಿತು. ಬೆಕ್ಕನ್ನು ಒಳಗೆ ಕೂಡಿ ಹಾಕಿ ನೋಡಿದೆ, ಹಂಚು ಏರಿ ನೋಡಿದೆ, ಪಕ್ಕದ ಮನೆಯವರನ್ನು ವಿಚಾರಿಸಿದೆ. ಸದ್ದು ಬಂದಾಗ ಅಪ್ಪನೂ ತಲೆಯೆತ್ತುತ್ತಿದ್ದರು. ಇಬ್ಬರೂ ಏನೂ ಕೇಳದವರಂತೆ ಇರುತ್ತಿದ್ದೆವು.

ವರ್ಷಾಂತದ ಶ್ರಾದ್ಧ ಮುಗಿದ ಮೇಲೆ ಅಪ್ಪ ಮೆಲ್ಲಗೆ ಹೇಳಿದರು: "ಸ್ವಲ್ಪ ಚಾ ಮಾಡು. ಕುದಿಸಬೇಡ. ಎರೆದರೆ ಸಾಕು."

ನಾಲ್ಕು ಗಂಟೆಗೆ ಲೋಟವನ್ನು ತಾವೇ ಒಯ್ದು ಕಲ್ಲಿನ ಮೇಲಿಟ್ಟರು. ದೀಪ ಹಚ್ಚುವ ಹೊತ್ತಿಗೆ ನಾವು ಹೋಗಿ ನೋಡಿದರೆ ಲೋಟ ಬೋರಲು ಬಿದ್ದಿತ್ತು. ಕಲ್ಲು ಒಣಗಿಯೇ ಇತ್ತು.

"ಹೇಳು," ಎಂದರು ಅಪ್ಪ, "ಎಂತ ವಾದ ಉಂಟು ನಿನ್ನದು?"

ಬೆಕ್ಕು ಎನ್ನಲು ಬಾಯಿ ತೆರೆಯುತ್ತ ಲೋಟ ಎತ್ತಿದೆ. ಇನ್ನೂ ಬಿಸಿಯಿತ್ತು.